ಉಗಿ ಕೊಳವೆಯ ಆಯುಷ್ಯ: ಪುಸ್ತಕದ ಲೆಕ್ಕ ಮತ್ತು ಉಕ್ಕಿನ ಲೆಕ್ಕ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗಳ ಹೆಸರು ಕೇಳಿದೊಡನೆ ವ್ಯಾಪಾರಸ್ಥರ ಮನಸ್ಸಿಗೆ ಬರುವುದು ಸುಣ್ಣಕಲ್ಲು, ಸಿಮೆಂಟು ಮತ್ತು ಹಾಸುಗಲ್ಲು. ಆದರೆ ಈ ಭಾಗದ ದೊಡ್ಡ ಕಾರ್ಖಾನೆಗಳ ಆಸ್ತಿಪಟ್ಟಿಯನ್ನು ತೆರೆದು ನೋಡಿದರೆ, ಕಲ್ಲಿನಷ್ಟೇ ಮಹತ್ವ ಉಕ್ಕಿಗೂ ಇರುವುದು ಕಂಡುಬರುತ್ತದೆ. ಗೂಡು, ಶಾಖ ವಿನಿಮಯ ಗೋಪುರ, ಬಾಯ್ಲರು, ಟರ್ಬೈನು, ಇವುಗಳನ್ನು ಒಂದಕ್ಕೊಂದು ಜೋಡಿಸುವ ಕೊಳವೆಗಳು, ಎಲ್ಲವೂ ಹಗಲಿರುಳು ಬಿಸಿಯಲ್ಲಿ ದುಡಿಯುವ ಉಕ್ಕಿನ ಆಸ್ತಿಗಳು.

ಇವುಗಳ ಪೈಕಿ ಅತ್ಯಂತ ಕಡಿಮೆ ಗಮನ ಪಡೆಯುವ ಆಸ್ತಿಯೆಂದರೆ ಉಗಿ ಕೊಳವೆ. ಬಾಯ್ಲರಿಗೆ ನೋಂದಣಿ ಸಂಖ್ಯೆ ಇದೆ, ಟರ್ಬೈನಿಗೆ ತಯಾರಕರ ಫಲಕ ಇದೆ. ಅವೆರಡನ್ನೂ ಕೂಡಿಸುವ ಕೊಳವೆಯಾದರೋ ಅನೇಕ ಆಸ್ತಿಪಟ್ಟಿಗಳಲ್ಲಿ ಪ್ರತ್ಯೇಕ ಸಾಲಾಗಿಯೂ ಕಾಣಸಿಗುವುದಿಲ್ಲ. 'ಸ್ವಂತ ವಿದ್ಯುತ್ ಸ್ಥಾವರ' ಎಂಬ ಒಂದೇ ಶೀರ್ಷಿಕೆಯೊಳಗೆ ಅಡಗಿರುತ್ತದೆ. ಆ ಶೀರ್ಷಿಕೆಗೆ ನಿಗದಿಯಾದ ಆಯುಷ್ಯವೇ ಕೊಳವೆಗೂ ಅನ್ವಯವಾಗುತ್ತದೆ. 2013ರ ಕಂಪನಿಗಳ ಕಾಯ್ದೆಯ ಎರಡನೆಯ ಅನುಸೂಚಿಯ ಪ್ರಕಾರ ಉಷ್ಣ ವಿದ್ಯುತ್ ಸ್ಥಾವರದ ಉಪಯುಕ್ತ ಆಯುಷ್ಯ 40 ವರ್ಷ, ನಿರಂತರ ಪ್ರಕ್ರಿಯೆಯ ಸ್ಥಾವರದ್ದು 25 ವರ್ಷ.

ಬಾಯ್ಲರು ಶಾಸ್ತ್ರದ ಲೆಕ್ಕವೇ ಬೇರೆ. ಅಧಿಕ ಉಷ್ಣದಲ್ಲಿ ದುಡಿಯುವ ಕೊಳವೆಯ ಗೋಡೆಯ ದಪ್ಪವನ್ನು ನಿರ್ಧರಿಸುವಾಗ, 1,00,000 ಗಂಟೆಗಳಲ್ಲಿ ಆ ಉಕ್ಕನ್ನು ಹರಿಯುವಂತೆ ಮಾಡಬಲ್ಲ ಬಲವೆಷ್ಟು ಎಂಬುದನ್ನು ಮುಖ್ಯ ಆಧಾರವಾಗಿ ಇಟ್ಟುಕೊಳ್ಳಲಾಗುತ್ತದೆ. ವರ್ಷಕ್ಕೆ 8,000 ಗಂಟೆ ನಡೆಯುವ ಸ್ಥಾವರದಲ್ಲಿ 1,00,000 ಗಂಟೆ ಎಂದರೆ ಹನ್ನೆರಡೂವರೆ ವರ್ಷ. ಪುಸ್ತಕದಲ್ಲಿ 40, ಉಕ್ಕಿನಲ್ಲಿ ಹನ್ನೆರಡೂವರೆ. ಈ ಎರಡು ಅಂಕಿಗಳ ನಡುವಣ ಅಂತರವನ್ನು ತುಂಬುವ ಸಾಧನ ಒಂದೇ: ಪರೀಕ್ಷೆ. ಈ ಪರೀಕ್ಷೆ ಎಂದರೇನು, ಅದರ ಮೇಲೆ ನಿಂತಿರುವ ಲೆಕ್ಕಾಚಾರದ ವಿಧಾನಗಳು ಹೇಗೆ ರೂಪುಗೊಂಡವು, ಈ ಭಾಗದ ಉದ್ಯಮಿಗಳಿಗೆ ಅದರ ಪ್ರಯೋಜನವೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬಿಸಿಯ ಮೇಲೆ ನಿಂತ ಉದ್ಯಮ

ಈ ಪ್ರದೇಶಕ್ಕೂ ಉಕ್ಕು ಮತ್ತು ಉಗಿಗೂ ಇರುವ ನಂಟು ಹಳೆಯದು. 1874ರಲ್ಲಿ ನಿಜಾಮರ ರೈಲುಮಾರ್ಗವು ಹೈದರಾಬಾದಿನಿಂದ ವಾಡಿಗೆ ಬಂದು ಮುಂಬಯಿ-ಮದ್ರಾಸು ಮಾರ್ಗವನ್ನು ಸೇರಿತು. ಶಹಾಬಾದ್ ಸಿಮೆಂಟ್ ಕಂಪನಿಯು 1936ರಲ್ಲಿ ಎಸಿಸಿ ರೂಪುಗೊಂಡಾಗ ಅದರಲ್ಲಿ ವಿಲೀನವಾಯಿತು. ವಾಡಿಯ ಸಿಮೆಂಟು ಕಾರ್ಖಾನೆ 1968ರಲ್ಲಿ ಉತ್ಪಾದನೆ ಆರಂಭಿಸಿತು. 1980ರ ದಶಕದಲ್ಲಿ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ ಕಾರ್ಖಾನೆಗಳು ತಲೆಯೆತ್ತಿದವು. ಮುಂದೆ ಚಿಂಚೋಳಿ ತಾಲ್ಲೂಕಿನ ಛತ್ರಸಾಲಾದಲ್ಲಿ ಫ್ರಾನ್ಸಿನ ವಿಕಾ ಸಮೂಹದ ಕಾರ್ಖಾನೆ, 2015ರಲ್ಲಿ ಚಿತ್ತಾಪುರ ತಾಲ್ಲೂಕಿನ ಇಟಗಾದಲ್ಲಿ ಓರಿಯೆಂಟ್ ಸಿಮೆಂಟಿನ ಕಾರ್ಖಾನೆ ಕಾರ್ಯಾರಂಭ ಮಾಡಿದವು.

ಶಹಾಬಾದಿಗೆ ಇನ್ನೊಂದು ಹೆಗ್ಗಳಿಕೆಯೂ ಇದೆ. ಎಸಿಸಿಯು ಬ್ರಿಟನ್ನಿನ ವಿಕರ್ಸ್ ಮತ್ತು ಬಾಬ್‌ಕಾಕ್ ಸಂಸ್ಥೆಗಳೊಡನೆ ಕೂಡಿ ಕಟ್ಟಿದ ಎವಿಬಿ ಕಂಪನಿಯ ಭಾರಿ ಯಂತ್ರಗಳ ಕಾರ್ಖಾನೆ ಇಲ್ಲಿತ್ತು. ಆ ಉದ್ಯಮ ಮುಂದೆ ಎಬಿಎಲ್, ಎಬಿಬಿ, ಆಲ್‌ಸ್ಟಾಮ್ ಮುಂತಾದ ಹೆಸರುಗಳನ್ನು ಕಂಡಿತು. ಬಾಯ್ಲರಿನ ಬೆಸುಗೆಯನ್ನು ಕ್ಷ-ಕಿರಣದಿಂದ ನೋಡುವುದು, ಪೈಪನ್ನು ಬಗ್ಗಿಸುವುದು, ಒತ್ತಡಕ್ಕೆ ಒಡ್ಡಿ ಪರೀಕ್ಷಿಸುವುದು ಇಂಥ ಕೆಲಸಗಳನ್ನು ಕಂಡುಂಡ ಊರು ಅದು.

ಸಿಮೆಂಟು ತಯಾರಿಕೆಯಲ್ಲಿ ಗೂಡಿನೊಳಗಿನ ಸರಕು ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಗೂಡಿಗೆ ಮರಳುವ ಬಿಸಿಗಾಳಿಯ ದೊಡ್ಡ ನಾಳಗಳ ಒಳಗೆ ಉಷ್ಣನಿರೋಧಕ ಇಟ್ಟಿಗೆಯ ಹೊದಿಕೆ ಇರುವುದರಿಂದ ಹೊರಗಿನ ಉಕ್ಕಿನ ಕವಚ ಉಳಿಯುತ್ತದೆ. ಹೊದಿಕೆ ಕಳಚಿದರೆ ಕವಚ ಕೆಂಪಗಾಗಿ ಕಣ್ಣಿಗೆ ಕಾಣುತ್ತದೆ. ಸ್ವಂತ ವಿದ್ಯುತ್ ಸ್ಥಾವರದ ಮುಖ್ಯ ಉಗಿ ಕೊಳವೆಗೆ ಆ ಅನುಕೂಲವಿಲ್ಲ. ಅದರೊಳಗೆ 500 ಡಿಗ್ರಿಗೂ ಮೀರಿದ ಉಗಿ ಅಧಿಕ ಒತ್ತಡದಲ್ಲಿ ನೇರವಾಗಿ ಉಕ್ಕನ್ನು ಮುಟ್ಟಿಕೊಂಡೇ ಹರಿಯುತ್ತದೆ. ಹೊರಗೆ ಉಣ್ಣೆಯಂಥ ಶಾಖನಿರೋಧಕ ಮತ್ತು ಅಲ್ಯೂಮಿನಿಯಂ ತಗಡಿನ ಹೊದಿಕೆ ಇರುವುದರಿಂದ, ಒಳಗೆ ಏನಾಗುತ್ತಿದೆ ಎಂಬುದು ಕಣ್ಣಿಗೆ ಕಾಣುವುದೇ ಇಲ್ಲ.

ಲೆಕ್ಕ ತಪ್ಪಿತು, ಪರೀಕ್ಷೆ ತಿದ್ದಿತು

ಉಕ್ಕಿನ ಕೊಳವೆ ಕಾಯ್ದಾಗ ಉದ್ದವಾಗುತ್ತದೆ. 10 ಮೀಟರಿನ ಕೊಳವೆ 500 ಡಿಗ್ರಿಯಷ್ಟು ಕಾಯ್ದರೆ ಸುಮಾರು 65ರಿಂದ 70 ಮಿಲಿಮೀಟರ್ ಬೆಳೆಯುತ್ತದೆ. ಎರಡೂ ತುದಿಗಳನ್ನು ಬಿಗಿದಿಟ್ಟರೆ ಆ ಬೆಳವಣಿಗೆ ಎಲ್ಲಿಗೂ ಹೋಗಲಾರದೆ ಬಾಯ್ಲರಿನ ಮೂತಿಯನ್ನೋ ಟರ್ಬೈನಿನ ಮೂತಿಯನ್ನೋ ತಳ್ಳುತ್ತದೆ. ಆದ್ದರಿಂದಲೇ ಉಗಿಮಾರ್ಗವನ್ನು ನೇರವಾಗಿ ಎಳೆಯದೆ, ಅಲ್ಲಲ್ಲಿ ತಿರುವು ಕೊಟ್ಟು, ಸ್ಪ್ರಿಂಗಿನ ಹ್ಯಾಂಗರುಗಳಲ್ಲಿ ತೂಗುಹಾಕಲಾಗುತ್ತದೆ. ಬೆಳವಣಿಗೆಯನ್ನು ನುಂಗಿಕೊಳ್ಳುವ ಹೊಣೆ ಮುಖ್ಯವಾಗಿ ಬೆಂಡುಗಳದು.

ಬೆಂಡು ಎಷ್ಟು ಬಗ್ಗುತ್ತದೆ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಂಜಿನಿಯರುಗಳು ಕೊಳವೆಯನ್ನು ಒಂದು ತೊಲೆಯಂತೆ ಭಾವಿಸಿ ಲೆಕ್ಕ ಹಾಕುತ್ತಿದ್ದರು. 1910ರಲ್ಲಿ ಜರ್ಮನಿಯ ಬಾಂಟ್ಲಿನ್ ಎಂಬುವರು ನಿಜವಾದ ಬೆಂಡುಗಳನ್ನು ಬಗ್ಗಿಸಿ ಅಳೆದರು. ಲೆಕ್ಕ ಹೇಳಿದ್ದಕ್ಕಿಂತ ಹಲವು ಪಟ್ಟು ಹೆಚ್ಚು ಅವು ಬಗ್ಗಿದವು. ಲೆಕ್ಕದ ಪುಸ್ತಕಕ್ಕೂ ಗೋದಾಮಿನ ದಾಸ್ತಾನಿಗೂ ತಾಳೆಯಾಗದಂತಹ ಸ್ಥಿತಿ ಅದು. ಮರುವರ್ಷ, 1911ರಲ್ಲಿ, ಥಿಯೋಡೋರ್ ಫಾನ್ ಕಾರ್ಮನ್ ಅದರ ಕಾರಣವನ್ನು ವಿವರಿಸಿದರು. ಬೆಂಡು ಬಗ್ಗುವಾಗ ಅದರ ದುಂಡು ಬಾಯಿ ದುಂಡಾಗಿಯೇ ಉಳಿಯದೆ ಮೊಟ್ಟೆಯಾಕಾರಕ್ಕೆ ಚಪ್ಪಟೆಯಾಗುತ್ತದೆ. ಹೀಗಾಗಿ ಬಗ್ಗುವುದು ಸುಲಭವಾಗುತ್ತದೆ. ಆದರೆ ಈ ಅನುಕೂಲಕ್ಕೆ ಒಂದು ಬೆಲೆಯಿದೆ: ಚಪ್ಪಟೆಯಾಗುವ ಜಾಗದಲ್ಲಿ ಲೋಹದ ಮೇಲಿನ ಬಲ ಹಲವು ಪಟ್ಟು ಹೆಚ್ಚುತ್ತದೆ.

ಎಷ್ಟು ಪಟ್ಟು ಎಂಬುದಕ್ಕೆ ಉತ್ತರ ದೊರೆತದ್ದೂ ಪರೀಕ್ಷೆಯಿಂದಲೇ. ಅಮೆರಿಕದ ಲೂಯಿವಿಲ್ ನಗರದ ಟ್ಯೂಬ್ ಟರ್ನ್ಸ್ ಎಂಬ ಪೈಪು ಬಿಡಿಭಾಗಗಳ ಕಂಪನಿಯಲ್ಲಿ ಎ.ಆರ್.ಸಿ. ಮಾರ್ಕ್ಲ್ ಎಂಬ ಎಂಜಿನಿಯರು 1940ರ ದಶಕದಿಂದ ಬೆಂಡು, ಟೀ, ಫ್ಲ್ಯಾಂಜು ಮತ್ತು ಬೆಸುಗೆಯ ಕೂಡಿಕೆಗಳನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತ, ಅವು ಸೀಳಿ ನೀರು ಸೋರುವವರೆಗೆ ಎಣಿಸುತ್ತ ಹೋದರು. 1952ರಲ್ಲಿ ಪ್ರಕಟವಾದ ಅವರ ಫಲಿತಾಂಶಗಳು 1955ರ ಅಮೆರಿಕನ್ ಪೈಪು ಸಂಹಿತೆಗೆ ಆಧಾರವಾದವು. ಇಂದು ಗಣಕಯಂತ್ರದಲ್ಲಿ ನಡೆಯುವ ಕೊಳವೆಯ ವಿಶ್ಲೇಷಣೆಯಲ್ಲಿ ಬೆಂಡಿಗೆ, ಟೀಗೆ ಬಳಸುವ ಗುಣಕಗಳ ಮೂಲ ಆ ಕಾರ್ಖಾನೆಯ ಪರೀಕ್ಷಾ ಮೇಜಿನಲ್ಲಿದೆ. ಪೂರ್ಣವಾಗಿ ಕಾಯ್ದು ಪೂರ್ಣವಾಗಿ ಆರುವ 7,000 ಆವರ್ತಗಳವರೆಗೆ ಯಾವ ಕಡಿತವನ್ನೂ ಮಾಡಬೇಕಿಲ್ಲ ಎಂಬುದು ಆ ಸಂಹಿತೆಯ ಪ್ರಸಿದ್ಧ ಮಿತಿ. ದಿನಕ್ಕೊಂದು ಬಾರಿ ಕಾಯಿಸಿ ಆರಿಸಿದರೆ ಅದು ಸುಮಾರು 19 ವರ್ಷಗಳ ಲೆಕ್ಕ.

ಈ ಮಿತಿ ತಣ್ಣನೆಯ ಕೊಳವೆಗಳ ಮೇಲೆ ನಡೆದ ಪರೀಕ್ಷೆಗಳಿಂದ ಬಂದದ್ದು ಎಂಬುದನ್ನು ಮರೆಯಬಾರದು. ಉಷ್ಣ 400 ಡಿಗ್ರಿ ದಾಟಿದ ಮೇಲೆ ಸಮಸ್ಯೆಯ ಸ್ವರೂಪವೇ ಬದಲಾಗುತ್ತದೆ.

ಹತ್ತು ಡಿಗ್ರಿಯ ಬೆಲೆ

ಕೋಣೆಯ ಉಷ್ಣದಲ್ಲಿ ಉಕ್ಕು ಒಂದು ಭಾರವನ್ನು ಹೊತ್ತರೆ ಹೊತ್ತಂತೆಯೇ ನಿಲ್ಲುತ್ತದೆ. ಅಧಿಕ ಉಷ್ಣದಲ್ಲಿ ಅದೇ ಭಾರ ಅದೇ ಉಕ್ಕನ್ನು ದಿನದಿನಕ್ಕೂ ಕೂದಲೆಳೆಯಷ್ಟು ಹಿಗ್ಗಿಸುತ್ತಲೇ ಇರುತ್ತದೆ. ಇದಕ್ಕೆ ಕ್ರೀಪ್ ಎನ್ನುತ್ತಾರೆ. ಸಾಲದ ಮೇಲಿನ ಬಡ್ಡಿಯಂತೆ ಇದು ಸದ್ದಿಲ್ಲದೆ ಬೆಳೆಯುತ್ತದೆ. ಮೊದಲು ಲೋಹದ ಕಣಗಳ ಅಂಚಿನಲ್ಲಿ ಸೂಕ್ಷ್ಮ ರಂಧ್ರಗಳು ಮೂಡುತ್ತವೆ. ಬಳಿಕ ಅವು ಸಾಲುಗೂಡುತ್ತವೆ. ಆಮೇಲೆ ಸೂಕ್ಷ್ಮ ಬಿರುಕಾಗುತ್ತವೆ. ಕೊನೆಗೆ ಕಣ್ಣಿಗೆ ಕಾಣುವ ಬಿರುಕು. ಮೊದಲ ಹಂತದಲ್ಲಿ ಸಿಕ್ಕರೆ ನಿಗಾ ವಹಿಸಿದರೆ ಸಾಕು, ಕೊನೆಯ ಹಂತದಲ್ಲಿ ಸಿಕ್ಕರೆ ಬದಲಾಯಿಸದೆ ವಿಧಿಯಿಲ್ಲ.

ಹನ್ನೆರಡು ವರ್ಷಗಳಲ್ಲಿ ಆಗುವುದನ್ನು ತಿಳಿಯಲು ಹನ್ನೆರಡು ವರ್ಷ ಕಾಯಲಾಗದು. ಅದಕ್ಕಾಗಿ ಉಷ್ಣವನ್ನು ಏರಿಸಿ, ಬೇಗನೆ ಹರಿಯುವಂತೆ ಮಾಡಿ, ಅದರಿಂದ ನಿಧಾನದ ಆಯುಷ್ಯವನ್ನು ಅಂದಾಜಿಸುವ ವಿಧಾನವನ್ನು 1952ರಲ್ಲಿ ಲಾರ್ಸನ್ ಮತ್ತು ಮಿಲ್ಲರ್ ಎಂಬಿಬ್ಬರು ರೂಪಿಸಿದರು. ಅವರ ಸೂತ್ರವನ್ನು ಸಾಮಾನ್ಯವಾಗಿ ಬಳಸುವ ಸ್ಥಿರಾಂಕದೊಡನೆ ಅನ್ವಯಿಸಿ, 540 ಡಿಗ್ರಿಯಲ್ಲಿ 1,00,000 ಗಂಟೆ ಬಾಳುವ ಒಂದು ಕೊಳವೆಯನ್ನು ಊಹಿಸಿಕೊಂಡರೆ, ಒತ್ತಡವನ್ನು ಬದಲಿಸದೆ ಉಷ್ಣವನ್ನು ಮಾತ್ರ ಬದಲಿಸಿದಾಗ ದೊರೆಯುವ ಆಯುಷ್ಯ ಹೀಗಿದೆ:

530 ಡಿಗ್ರಿ: ಸುಮಾರು 2,05,000 ಗಂಟೆ
540 ಡಿಗ್ರಿ: 1,00,000 ಗಂಟೆ
550 ಡಿಗ್ರಿ: ಸುಮಾರು 50,000 ಗಂಟೆ
560 ಡಿಗ್ರಿ: ಸುಮಾರು 25,000 ಗಂಟೆ
600 ಡಿಗ್ರಿ: ಸುಮಾರು 1,900 ಗಂಟೆ

ಕೊನೆಯ ಸಾಲು ಪ್ರಯೋಗಾಲಯದ ಅನುಕೂಲವನ್ನು ತೋರಿಸುತ್ತದೆ: ಹನ್ನೆರಡೂವರೆ ವರ್ಷದ ಪರೀಕ್ಷೆ ಎಂಬತ್ತು ದಿನಗಳಲ್ಲಿ ಮುಗಿಯುತ್ತದೆ. ನಡುವಿನ ಸಾಲುಗಳು ಕಾರ್ಖಾನೆಯ ಮಾಲೀಕರಿಗೆ ಸಂಬಂಧಿಸಿದವು. ಕೇವಲ 10 ಡಿಗ್ರಿ ಹೆಚ್ಚಾದರೆ ಆಯುಷ್ಯ ಅರ್ಧವಾಗುತ್ತದೆ, 10 ಡಿಗ್ರಿ ಕಡಿಮೆಯಾದರೆ ಇಮ್ಮಡಿಯಾಗುತ್ತದೆ. ನಿಜವಾದ ಅಂಕಿಗಳು ಉಕ್ಕಿನ ಬಗೆಯನ್ನು ಅವಲಂಬಿಸಿ ವ್ಯತ್ಯಾಸವಾಗುತ್ತವೆ. ಆದರೆ ನಿಯಂತ್ರಣ ಕೊಠಡಿಯ ಉಷ್ಣಮಾಪಕದ ಹತ್ತು ಡಿಗ್ರಿಗೆ ಇರುವ ಬೆಲೆಯನ್ನು ಇದರಿಂದ ಅರಿಯಬಹುದು.

ಈ ಅಂದಾಜನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅಧಿಕ ಉಷ್ಣದಲ್ಲಿ ದೀರ್ಘಕಾಲ ಇದ್ದಾಗ ಉಕ್ಕಿನ ಒಳರಚನೆಯೇ ಬದಲಾಗಬಹುದು. ಎಂಬತ್ತು ದಿನದ ಪರೀಕ್ಷೆಗೆ ಆ ಬದಲಾವಣೆ ಕಾಣದೆ ಹೋಗಬಹುದು. ಆಧುನಿಕ ಸ್ಥಾವರಗಳಲ್ಲಿ ಬಳಕೆಯಲ್ಲಿರುವ, ಶೇಕಡಾ 9ರಷ್ಟು ಕ್ರೋಮಿಯಂ ಇರುವ ಕೆಲವು ಉಕ್ಕುಗಳ ಅನುಮತಿತ ಬಲವನ್ನು, ದೀರ್ಘಾವಧಿಯ ಪರೀಕ್ಷೆಗಳ ಫಲಿತಾಂಶ ಬಂದ ಬಳಿಕ ಸಂಹಿತೆಗಳಲ್ಲಿ ತಗ್ಗಿಸಬೇಕಾಯಿತು. ಜಪಾನಿನ ರಾಷ್ಟ್ರೀಯ ವಸ್ತುವಿಜ್ಞಾನ ಸಂಸ್ಥೆಯಲ್ಲಿ 1969ರಲ್ಲಿ ಆರಂಭವಾದ ಒಂದೇ ಒಂದು ಕ್ರೀಪ್ ಪರೀಕ್ಷೆ 2011ರವರೆಗೆ, 3,50,000 ಗಂಟೆಗಳಿಗೂ ಮೀರಿ, ನಿರಂತರವಾಗಿ ನಡೆಯಿತು. ಅಂದಾಜು ಎಷ್ಟೇ ಚೆನ್ನಾಗಿರಲಿ, ಅದನ್ನು ತಾಳೆ ನೋಡಲು ಇಂತಹ ತಾಳ್ಮೆಯ ದಾಖಲೆ ಬೇಕೇ ಬೇಕು ಎಂಬುದಕ್ಕೆ ಇದೊಂದು ನಿದರ್ಶನ.

ಇನ್ನೊಂದು ತೊಡಕೆಂದರೆ, ಪ್ರಯೋಗಾಲಯದ ಬೆರಳುದ್ದದ ಮಾದರಿ ಬೇರೆ, ಬೆಂಡು, ಬೆಸುಗೆ ಮತ್ತು ಟೀ ಇರುವ ಇಡೀ ಕೊಳವೆ ಬೇರೆ. 1970ರ ದಶಕದಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯವು ಫಾಸ್ಟ್ ಬ್ರೀಡರ್ ರಿಯಾಕ್ಟರ್ ಕಾರ್ಯಕ್ರಮಕ್ಕಾಗಿ ಸ್ಟೇನ್‌ಲೆಸ್ ಉಕ್ಕಿನ ಕೊಳವೆಯೊಳಗೆ ಕಾದ ದ್ರವ ಸೋಡಿಯಂ ಹರಿಸಿ, ಅದನ್ನು ಮತ್ತೆ ಮತ್ತೆ ಥಟ್ಟನೆ ತಣಿಸಿ, ಕೊಳವೆ ಪ್ರತಿ ಬಾರಿ ಎಷ್ಟು ಹಿಗ್ಗಿ ಉಳಿಯಿತು ಎಂಬುದನ್ನು ಅಳೆದು, ಗಣಕಯಂತ್ರದ ವಿಶ್ಲೇಷಣೆಯೊಡನೆ ಹೋಲಿಸಿತು. ಭಾರತದಲ್ಲಿ ಇದೇ ಬಗೆಯ ಕಾರ್ಯವನ್ನು ಕಲ್ಪಾಕ್ಕಂನ ಇಂದಿರಾಗಾಂಧಿ ಅಣು ಸಂಶೋಧನಾ ಕೇಂದ್ರ ಕೈಗೊಂಡಿದೆ. ಸೋಡಿಯಂನಿಂದ ಕಾಯುವ ಉಗಿ ಉತ್ಪಾದಕದ ಮಾದರಿಯನ್ನು ಅಲ್ಲಿ 5.5 ಮೆಗಾವಾಟ್ ಶಾಖಶಕ್ತಿಯ ವಿಶೇಷ ಪರೀಕ್ಷಾ ಸ್ಥಾವರದಲ್ಲಿ ನಡೆಸಿ ನೋಡಲಾಗಿದೆ. ಭಾಭಾ ಅಣು ಸಂಶೋಧನಾ ಕೇಂದ್ರವು ಚೆನ್ನೈನ ರಚನಾ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದೊಡನೆ ಕೂಡಿ ಭಾರಜಲ ರಿಯಾಕ್ಟರುಗಳ ಇಂಗಾಲದ ಉಕ್ಕಿನ ಕೊಳವೆ ಮತ್ತು ಬೆಂಡುಗಳಲ್ಲಿ ಬೇಕೆಂದೇ ಬಿರುಕು ಮಾಡಿ, ಅವು ಒಡೆಯುವವರೆಗೆ ಬಗ್ಗಿಸಿ ಪರೀಕ್ಷಿಸಿತು. ನಮ್ಮ ರಾಜ್ಯದ ಕೈಗಾ ಸ್ಥಾವರದ ರಿಯಾಕ್ಟರುಗಳೂ ಆ ಮಾದರಿಯವೇ. ಕೊಳವೆ ಪೂರ್ತಿ ಒಡೆಯುವ ಮುನ್ನ ಸೋರಿ ಸುಳಿವು ಕೊಡುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಇಂತಹ ಪರೀಕ್ಷೆಗಳ ಮುಖ್ಯ ಉದ್ದೇಶ.

ಪಟ್ಟಿಯಲ್ಲಿಲ್ಲದ ಕೊಳವೆ

ಸುಳಿವು ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳು ಸಾಕು. ಮೊದಲನೆಯದು ಅಮೆರಿಕದ ಮೊಹಾವಿ ಉಷ್ಣ ವಿದ್ಯುತ್ ಸ್ಥಾವರದ್ದು. 1971ರಲ್ಲಿ ಚಾಲನೆಗೆ ಬಂದ ಅದರ ಎರಡನೆಯ ಘಟಕದಲ್ಲಿ, 1985ರ ಜೂನ್ 9ರಂದು, ಮರುಕಾಯಿಸಿದ ಉಗಿಯನ್ನು ಒಯ್ಯುವ ದೊಡ್ಡ ಕೊಳವೆ ಸೀಳಿತು. ತಗಡನ್ನು ಸುತ್ತಿ ಉದ್ದಕ್ಕೂ ಬೆಸೆದು ಮಾಡಿದ ಕೊಳವೆ ಅದು. ಸೀಳಿದ್ದೂ ಆ ಬೆಸುಗೆಯಲ್ಲಿಯೇ. ಆರು ಮಂದಿ ಪ್ರಾಣ ಕಳೆದುಕೊಂಡರು. ಅಂದಿನ ಸಂಹಿತೆಯ ಲೆಕ್ಕದ ಪ್ರಕಾರ ಆ ಕೊಳವೆಗೆ ಇನ್ನೂ ಆಯುಷ್ಯವಿತ್ತು. ಉದ್ದನೆಯ ಬೆಸುಗೆಯು ಮೂಲ ಲೋಹಕ್ಕಿಂತ ಬೇಗ ಸೋಲಬಹುದು ಎಂಬ ಸಂಗತಿ ಆ ಲೆಕ್ಕದೊಳಗೆ ಸೇರಿರಲಿಲ್ಲ.

ಎರಡನೆಯದು ಜಪಾನಿನ ಮಿಹಾಮಾ ಅಣುಸ್ಥಾವರದ ಮೂರನೆಯ ಘಟಕದ್ದು. 2004ರ ಆಗಸ್ಟ್ 9ರಂದು ಅಲ್ಲಿ ಟರ್ಬೈನು ಕಟ್ಟಡದ ನೀರಿನ ಕೊಳವೆಯೊಂದು ಒಡೆದು, ಹೊರಚಿಮ್ಮಿದ ಬಿಸಿ ಉಗಿಗೆ ಸಿಲುಕಿ ಐವರು ಕಾರ್ಮಿಕರು ಮೃತಪಟ್ಟರು. ಆ ಕೊಳವೆಯ ಉಷ್ಣ ಸುಮಾರು 140 ಡಿಗ್ರಿ ಮಾತ್ರ. ಆದ್ದರಿಂದ ಕ್ರೀಪ್‌ನ ಪ್ರಶ್ನೆಯಿರಲಿಲ್ಲ. ಹರಿಯುವ ನೀರು ಗೋಡೆಯನ್ನು ಒಳಗಿನಿಂದ ಸವೆಸಿ, ಮೂಲತಃ 10 ಮಿಲಿಮೀಟರ್ ಇದ್ದ ದಪ್ಪವನ್ನು ಕೆಲವೆಡೆ 2 ಮಿಲಿಮೀಟರಿಗಿಂತ ಕಡಿಮೆ ಮಾಡಿತ್ತು. 1976ರಲ್ಲಿ ಘಟಕ ಆರಂಭವಾದಾಗಿನಿಂದ ಆ ಜಾಗದ ದಪ್ಪವನ್ನು ಒಮ್ಮೆಯೂ ಅಳೆದಿರಲಿಲ್ಲ. ಕಾರಣ ಸರಳ: ತಪಾಸಣೆಯ ಪಟ್ಟಿಯಲ್ಲಿ ಅದು ಬಿಟ್ಟುಹೋಗಿತ್ತು. ಮೃತಪಟ್ಟವರು ಕೆಲವೇ ದಿನಗಳಲ್ಲಿ ಆರಂಭವಾಗಬೇಕಿದ್ದ ವಾರ್ಷಿಕ ತಪಾಸಣೆಯ ಸಿದ್ಧತೆಗೆಂದು ಅಲ್ಲಿಗೆ ಬಂದಿದ್ದವರು.

ಮೊದಲ ಪ್ರಕರಣದಲ್ಲಿ ಲೆಕ್ಕದ ವಿಧಾನ ಅಪೂರ್ಣವಾಗಿತ್ತು, ಎರಡನೆಯದರಲ್ಲಿ ದಾಖಲೆ ಅಪೂರ್ಣವಾಗಿತ್ತು. ಪರಿಣಾಮ ಎರಡರಲ್ಲೂ ಒಂದೇ.

ನಿಯಮ ಏನು ಹೇಳುತ್ತದೆ

ಭಾರತದಲ್ಲಿ ಬಾಯ್ಲರು ಮತ್ತು ಉಗಿ ಕೊಳವೆಗಳ ಸುರಕ್ಷತೆಯನ್ನು ಶತಮಾನ ಕಾಲ 1923ರ ಬಾಯ್ಲರು ಕಾಯ್ದೆ ನೋಡಿಕೊಂಡಿತು. ಅದರ ಬದಲಿಗೆ ಸಂಸತ್ತು 2025ರಲ್ಲಿ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ತಾಂತ್ರಿಕ ವಿವರಗಳು 1950ರ ಭಾರತೀಯ ಬಾಯ್ಲರು ನಿಯಮಾವಳಿಯಲ್ಲಿವೆ. ಅದರ 391ಎ ನಿಯಮದ ಪ್ರಕಾರ 400 ಡಿಗ್ರಿ ಮತ್ತು ಅದಕ್ಕೂ ಮೇಲ್ಪಟ್ಟ ಉಷ್ಣದಲ್ಲಿ ದುಡಿಯುವ ಬಾಯ್ಲರುಗಳ ಕ್ರೀಪ್ ವ್ಯಾಪ್ತಿಯ ಭಾಗಗಳನ್ನು 1,00,000 ಗಂಟೆಗಳ ಬಳಿಕ ಉಳಿದ ಆಯುಷ್ಯದ ನಿರ್ಣಯಕ್ಕಾಗಿ ಪರೀಕ್ಷಿಸಬೇಕು. ಇತರ ಭಾಗಗಳಿಗೆ 25 ವರ್ಷದ ಮಿತಿ ಇದೆ. ರಾಜ್ಯದಲ್ಲಿ ಇದರ ಮೇಲ್ವಿಚಾರಣೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆಯದು. ಉಳಿದ ಆಯುಷ್ಯದ ನಿರ್ಣಯವನ್ನು ಕೈಗೊಳ್ಳುವ ಸಂಸ್ಥೆಗಳಲ್ಲಿ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯೂ ಒಂದು.

ಪರೀಕ್ಷೆಯಲ್ಲಿ ಹಲವು ಹಂತಗಳಿವೆ. ಹೊದಿಕೆ ತೆಗೆದು ಕಣ್ಣಿನಿಂದ ನೋಡುವುದು, ವ್ಯಾಸವನ್ನು ಅಳೆದು ಹಿಗ್ಗುವಿಕೆ ಕಂಡುಹಿಡಿಯುವುದು, ಶ್ರವಣಾತೀತ ಧ್ವನಿಯಿಂದ ಗೋಡೆಯ ದಪ್ಪ ಅಳೆಯುವುದು, ಕಾಂತೀಯ ಪುಡಿಯಿಂದ ಅಥವಾ ಬಣ್ಣದ ದ್ರವದಿಂದ ಬೆಸುಗೆಯ ಬಿರುಕು ಹುಡುಕುವುದು, ಗಡಸುತನ ಅಳೆಯುವುದು. ಇವೆಲ್ಲಕ್ಕಿಂತ ಸೂಕ್ಷ್ಮವಾದುದು ರೆಪ್ಲಿಕಾ ವಿಧಾನ. ಕೊಳವೆಯ ಮೇಲ್ಮೈಯನ್ನು ಕನ್ನಡಿಯಂತೆ ಉಜ್ಜಿ, ಆಮ್ಲ ಸವರಿ, ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಅದರ ಅಚ್ಚು ತೆಗೆದು, ಸೂಕ್ಷ್ಮದರ್ಶಕದಲ್ಲಿ ರಂಧ್ರಗಳನ್ನು ಹುಡುಕಲಾಗುತ್ತದೆ. ಇದರಿಂದ ಕೊಳವೆಯನ್ನು ಕತ್ತರಿಸದೆಯೇ ಅದರ ಆರೋಗ್ಯ ತಿಳಿಯುತ್ತದೆ.

ಇಲ್ಲಿ ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅಗತ್ಯ. ತಣ್ಣೀರು ತುಂಬಿ ಒತ್ತಡ ಏರಿಸುವ ಹೈಡ್ರಾಲಿಕ್ ಪರೀಕ್ಷೆಯಲ್ಲಿ ಕೊಳವೆ ಉತ್ತೀರ್ಣವಾದರೆ ಸಾಕು ಎಂದು ಭಾವಿಸುವವರಿದ್ದಾರೆ. ಆ ಪರೀಕ್ಷೆ ಅಂದಿನ ಸೋರಿಕೆಯನ್ನೂ ಬಲವನ್ನೂ ತೋರಿಸುತ್ತದೆ. ಕ್ರೀಪ್‌ನಿಂದ ಎಷ್ಟು ಆಯುಷ್ಯ ಖರ್ಚಾಗಿದೆ ಎಂಬುದನ್ನು ತೋರಿಸಲಾರದು. ವರ್ಷಾಂತ್ಯದ ನಗದು ಶಿಲ್ಕು ಸರಿಯಾಗಿದ್ದ ಮಾತ್ರಕ್ಕೆ ಸಂಸ್ಥೆ ಲಾಭದಲ್ಲಿದೆ ಎನ್ನಲಾಗದು, ಇದೂ ಹಾಗೆಯೇ.

ಸಿಮೆಂಟು ಗೂಡಿನ ವ್ಯರ್ಥ ಶಾಖದಿಂದ ವಿದ್ಯುತ್ ತಯಾರಿಸುವ ಬಾಯ್ಲರುಗಳ ವಿಷಯ ಸ್ವಲ್ಪ ಬೇರೆ. ಗೋಪುರದಿಂದ ಹೊರಬರುವ ಅನಿಲದ ಉಷ್ಣ ಸಾಮಾನ್ಯವಾಗಿ 300ರಿಂದ 350 ಡಿಗ್ರಿಯಷ್ಟಿರುವುದರಿಂದ ಅಲ್ಲಿ ಕ್ರೀಪ್‌ನ ಭಯ ಕಡಿಮೆ. ಆದರೆ ಕ್ಲಿಂಕರ್ ಧೂಳು ಕೊಳವೆಗಳನ್ನು ಉಜ್ಜಿ ಸವೆಸುತ್ತದೆ. ಗೂಡು ನಿಂತಾಗಲೆಲ್ಲ ಕೊಳವೆಗಳು ಆರಿ ಮತ್ತೆ ಕಾಯುತ್ತವೆ. ಇಲ್ಲಿ ಗಂಟೆಗಳಿಗಿಂತ ನಿಲುಗಡೆಗಳ ಸಂಖ್ಯೆಯನ್ನೂ ಗೋಡೆಯ ದಪ್ಪವನ್ನೂ ದಾಖಲಿಸುವುದು ಹೆಚ್ಚು ಉಪಯುಕ್ತ.

ಲೆಕ್ಕಪುಸ್ತಕದಲ್ಲಿ ಇದರ ಸ್ಥಾನ

ಪರೀಕ್ಷೆಯ ವೆಚ್ಚವನ್ನು ದುರಸ್ತಿ ಖಾತೆಗೆ ಹಾಕಿ ಮರೆಯುವುದು ರೂಢಿ. ಲೆಕ್ಕಶಾಸ್ತ್ರದ ದೃಷ್ಟಿಯಿಂದ ವಿಷಯ ಅಷ್ಟು ಸರಳವಲ್ಲ. ಎರಡನೆಯ ಅನುಸೂಚಿಯ ಪ್ರಕಾರ, ಒಂದು ಆಸ್ತಿಯ ಯಾವುದಾದರೂ ಭಾಗದ ವೆಚ್ಚ ಗಣನೀಯವಾಗಿದ್ದು ಅದರ ಆಯುಷ್ಯ ಉಳಿದ ಭಾಗಕ್ಕಿಂತ ಭಿನ್ನವಾಗಿದ್ದರೆ, ಅದಕ್ಕೆ ಪ್ರತ್ಯೇಕವಾಗಿ ಸವಕಳಿ ಲೆಕ್ಕ ಹಾಕಬೇಕು. ತಾಂತ್ರಿಕ ಅಭಿಪ್ರಾಯದ ಆಧಾರವಿದ್ದರೆ ಅನುಸೂಚಿಗಿಂತ ಭಿನ್ನವಾದ ಆಯುಷ್ಯವನ್ನು ಕಾರಣಸಹಿತ ಪ್ರಕಟಿಸಿ ಅನುಸರಿಸಬಹುದು.

ಉದಾಹರಣೆಗೆ, ಮುಖ್ಯ ಉಗಿಮಾರ್ಗದ ವೆಚ್ಚ 2 ಕೋಟಿ ರೂಪಾಯಿ ಎಂದಿಟ್ಟುಕೊಳ್ಳೋಣ. ಉಳಿಕೆ ಮೌಲ್ಯವನ್ನು ಬದಿಗಿಟ್ಟು 40 ವರ್ಷಕ್ಕೆ ಹಂಚಿದರೆ ವಾರ್ಷಿಕ ಸವಕಳಿ 5 ಲಕ್ಷ. ಹನ್ನೆರಡೂವರೆ ವರ್ಷಗಳ ಬಳಿಕ ಪರೀಕ್ಷೆಯಲ್ಲಿ ಅದು ಸೋತು ಬದಲಾಯಿಸಬೇಕಾದರೆ, ಪುಸ್ತಕದಲ್ಲಿ ಇನ್ನೂ 1 ಕೋಟಿ 37 ಲಕ್ಷ 50 ಸಾವಿರ ಉಳಿದಿರುತ್ತದೆ. ಅದು ಒಂದೇ ವರ್ಷದ ಲಾಭದಿಂದ ಕಳೆಯಬೇಕಾದ ಹೊರೆ. ಮೊದಲೇ ಹನ್ನೆರಡೂವರೆ ವರ್ಷದ ಆಯುಷ್ಯ ಹಿಡಿದಿದ್ದರೆ ವರ್ಷಕ್ಕೆ 16 ಲಕ್ಷದಂತೆ ವೆಚ್ಚ ಆಯಾ ವರ್ಷದ ವಿದ್ಯುತ್ ದರದಲ್ಲಿಯೇ ಸೇರಿಹೋಗುತ್ತಿತ್ತು. ಹಿಂದಿನ ವರ್ಷಗಳಲ್ಲಿ ಅಗ್ಗವೆಂದು ಕಂಡ ಸ್ವಂತ ವಿದ್ಯುತ್ತು ನಿಜವಾಗಿ ಅಷ್ಟು ಅಗ್ಗವಾಗಿರಲಿಲ್ಲ ಎಂದಾಯಿತು. ಇನ್ನೊಂದು ಕಡೆ, ಕೊಳವೆ ವಿನ್ಯಾಸಕ್ಕಿಂತ ಕಡಿಮೆ ಉಷ್ಣದಲ್ಲಿ ದುಡಿದಿದ್ದರೆ ಪರೀಕ್ಷೆಯೇ ಅದರ ಆಯುಷ್ಯವನ್ನು ಹೆಚ್ಚಿಸುವ ದಾಖಲೆಯಾಗುತ್ತದೆ. ಅನಗತ್ಯವಾಗಿ ಕೊಳವೆ ಬದಲಾಯಿಸುವ ಖರ್ಚೂ ತಪ್ಪುತ್ತದೆ.

ನಿಯತ ಅವಧಿಯ ಪ್ರಮುಖ ತಪಾಸಣೆಯ ವೆಚ್ಚವನ್ನು ಆಸ್ತಿಯ ಮೌಲ್ಯಕ್ಕೆ ಸೇರಿಸಿ ಮುಂದಿನ ತಪಾಸಣೆಯವರೆಗೆ ಹಂಚಲು, ಷರತ್ತುಗಳು ಪೂರೈಸಿದಲ್ಲಿ, ಇಂಡ್ ಎಎಸ್ 16 ಮತ್ತು ಪರಿಷ್ಕೃತ ಎಎಸ್ 10 ಎರಡರಲ್ಲೂ ಅವಕಾಶವಿದೆ. ಹಾಗೆ ಮಾಡುವಾಗ ಹಿಂದಿನ ತಪಾಸಣೆಯ ಉಳಿದ ಮೌಲ್ಯವನ್ನು ತೆಗೆದುಹಾಕಬೇಕು. ವಿಮೆಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ಬಾಯ್ಲರು ಮತ್ತು ಒತ್ತಡ ಸ್ಥಾವರದ ವಿಮೆ ಸ್ಫೋಟದ ಹಾನಿಯನ್ನು ತುಂಬಿಕೊಟ್ಟರೂ ಕ್ರಮೇಣದ ಸವೆತವನ್ನು ಸಾಮಾನ್ಯವಾಗಿ ಹೊರಗಿಡುತ್ತದೆ. ಪರೀಕ್ಷೆಯ ವರದಿಗಳು ಕಡತದಲ್ಲಿ ಇಲ್ಲದಿದ್ದರೆ ಹಾನಿಯ ಕಾರಣವನ್ನು ಸಾಬೀತುಪಡಿಸುವುದು ಕಷ್ಟವಾಗುತ್ತದೆ.

ಒಡೆತನ ಬದಲಾದಾಗ

ಈ ಭಾಗಕ್ಕೆ ಮೇಲಿನ ಮಾತುಗಳು ವಿಶೇಷವಾಗಿ ಅನ್ವಯಿಸಲು ಒಂದು ಕಾರಣವಿದೆ. ಇತ್ತೀಚಿನ ವರ್ಷಗಳಲ್ಲಿ ಇಲ್ಲಿನ ಕಾರ್ಖಾನೆಗಳ ಒಡೆತನ ಬೇಗಬೇಗನೆ ಬದಲಾಗಿದೆ. ವಾಡಿಯ ಎಸಿಸಿ 2022ರಲ್ಲಿ ಅದಾನಿ ಸಮೂಹಕ್ಕೆ ಸೇರಿತು. ಕೇಸೋರಾಂನ ಸಿಮೆಂಟು ವ್ಯವಹಾರದೊಡನೆ ಸೇಡಂನ ವಾಸವದತ್ತಾ 2025ರಲ್ಲಿ ಅಲ್ಟ್ರಾಟೆಕ್‌ಗೆ ಬಂತು. ಚಿತ್ತಾಪುರದ ಕಾರ್ಖಾನೆಯನ್ನು ಹೊಂದಿದ ಓರಿಯೆಂಟ್ ಸಿಮೆಂಟನ್ನು ಅದೇ ವರ್ಷ ಅಂಬುಜಾ ಕೊಂಡಿತು. ಇಂತಹ ವ್ಯವಹಾರಗಳಲ್ಲಿ ಗಣಿ ಗುತ್ತಿಗೆ, ಬಾಕಿ ತೆರಿಗೆ, ನ್ಯಾಯಾಲಯದ ಪ್ರಕರಣಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗುತ್ತದೆ. ಅದೇ ಶಿಸ್ತಿನಲ್ಲಿ ಕೊಳವೆಯ ಗಂಟೆಗಳ ದಾಖಲೆಯೂ ಕೈಬದಲಾಗಬೇಕು. ಸಣ್ಣ ಕಾರ್ಖಾನೆಗಳು ಹಳೆಯ ಬಾಯ್ಲರನ್ನು ಕೊಳ್ಳುವಾಗಲಂತೂ ಇದು ಇನ್ನಷ್ಟು ಮುಖ್ಯ. ಹಿಂದಿನವರು ಎಷ್ಟು ಗಂಟೆ, ಯಾವ ಉಷ್ಣದಲ್ಲಿ ನಡೆಸಿದರು ಎಂಬುದು ಗೊತ್ತಿಲ್ಲದ ಕೊಳವೆ ಎಂದರೆ ಹಿಂದಿನ ಪಾಸ್‌ಬುಕ್ಕಿಲ್ಲದ ಖಾತೆಯಿದ್ದಂತೆ.

ಗಮನಿಸಬೇಕಾದ ಅಂಶಗಳು

ಮೊದಲನೆಯದಾಗಿ, ಉಗಿಮಾರ್ಗವನ್ನು ಆಸ್ತಿಪಟ್ಟಿಯಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಿ, ಉಕ್ಕಿನ ದರ್ಜೆ, ವಿನ್ಯಾಸದ ಉಷ್ಣ ಮತ್ತು ಚಾಲನೆಗೆ ಬಂದ ದಿನಾಂಕವನ್ನು ನಮೂದಿಸಬೇಕು.

ಎರಡನೆಯದಾಗಿ, ನಡೆದ ಗಂಟೆಗಳ ಜೊತೆಗೆ ವಿನ್ಯಾಸದ ಉಷ್ಣವನ್ನು ಮೀರಿ ನಡೆದ ಗಂಟೆಗಳನ್ನೂ ತಣ್ಣಗಾಗಿ ಮತ್ತೆ ಆರಂಭವಾದ ಸಂಖ್ಯೆಯನ್ನೂ ಪ್ರತಿ ತಿಂಗಳು ಬರೆದಿಡಬೇಕು. ಗಣಕೀಕೃತ ನಿಯಂತ್ರಣ ಕೊಠಡಿಗಳಲ್ಲಿ ಈ ಮಾಹಿತಿ ಈಗಾಗಲೇ ಇರುತ್ತದೆ. ಅದನ್ನು ಉಳಿಸಿಕೊಳ್ಳುವ ಕೆಲಸ ಮಾತ್ರ ಬಾಕಿ.

ಮೂರನೆಯದಾಗಿ, ಹ್ಯಾಂಗರುಗಳ ಸೂಚಿಯನ್ನು ಕೊಳವೆ ಬಿಸಿಯಾಗಿದ್ದಾಗ ಒಮ್ಮೆ, ತಣ್ಣಗಿದ್ದಾಗ ಒಮ್ಮೆ ಓದಿ ಬರೆಯಬೇಕು. ಇದಕ್ಕೆ ಖರ್ಚೇನೂ ಇಲ್ಲ. ಎರಡೂ ಓದುಗಳು ಒಂದೇ ಆಗಿದ್ದರೆ ಹ್ಯಾಂಗರು ಕಚ್ಚಿಕೊಂಡಿದೆ ಎಂದರ್ಥ. ಆಗ ವಿನ್ಯಾಸದ ಎಲ್ಲ ಲೆಕ್ಕಗಳೂ ಬುಡಮೇಲಾಗುತ್ತವೆ.

ನಾಲ್ಕನೆಯದಾಗಿ, ದಪ್ಪ ಮತ್ತು ವ್ಯಾಸದ ಅಳತೆಯನ್ನು ಪ್ರತಿ ಬಾರಿಯೂ ಗುರುತು ಮಾಡಿದ ಅದೇ ಜಾಗಗಳಲ್ಲಿ ತೆಗೆದುಕೊಳ್ಳಬೇಕು. ಹೊಸ ಸ್ಥಾವರದಲ್ಲಿ ಮೊದಲ ದಿನದ ಅಳತೆಯೇ ಆರಂಭದ ಶಿಲ್ಕು. ಅದಿಲ್ಲದಿದ್ದರೆ ಮುಂದಿನ ಯಾವ ಅಳತೆಯನ್ನೂ ಹೋಲಿಸಲಾಗದು.

ಐದನೆಯದಾಗಿ, ಒಂಟಿಯಾಗಿ ಪರೀಕ್ಷಕರನ್ನು ಕರೆಸುವುದು ದುಬಾರಿಯೆನಿಸುವ ಸಣ್ಣ ಉದ್ದಿಮೆಗಳು ತಮ್ಮ ವಾರ್ಷಿಕ ನಿಲುಗಡೆಗಳನ್ನು ಹೊಂದಿಸಿಕೊಂಡು ಒಟ್ಟಾಗಿ ಕರೆಸಿಕೊಳ್ಳಬಹುದು. ಐದೂ ಪಟ್ಟಣಗಳು ಒಂದೇ ಜಿಲ್ಲೆಯಲ್ಲಿರುವುದರಿಂದ ಇದು ಕಷ್ಟವೇನಲ್ಲ. 1958ರಲ್ಲಿ ಆರಂಭವಾದ ಕಲಬುರಗಿಯ ಪೂಜ್ಯ ದೊಡ್ಡಪ್ಪ ಅಪ್ಪ ಎಂಜಿನಿಯರಿಂಗ್ ಕಾಲೇಜಿನಂತಹ ಸಂಸ್ಥೆಗಳು ಇಂತಹ ತಪಾಸಣೆಯ ತರಬೇತಿಗೆ ಮುಂದಾದರೆ, ಬಾಯ್ಲರು ಕಟ್ಟಿದ ಶಹಾಬಾದಿನ ಯುವಕರಿಗೆ ತಮ್ಮ ಊರಿನ ಬಳಿಯಲ್ಲಿಯೇ ಉದ್ಯೋಗ ದೊರೆತೀತು.

ಬಾಂಟ್ಲಿನ್ ಅಳೆದು ನೋಡದಿದ್ದರೆ ತೊಲೆಯ ಲೆಕ್ಕವೇ ಸರಿಯೆಂದು ಉಳಿಯುತ್ತಿತ್ತು. ಮಿಹಾಮಾದಲ್ಲಿ ಪಟ್ಟಿಗೆ ಒಂದು ಸಾಲು ಸೇರಿದ್ದರೆ ಐದು ಜೀವಗಳು ಉಳಿಯುವ ಸಾಧ್ಯತೆಯಿತ್ತು. ಮುಂದಿನ ವಾರ್ಷಿಕ ನಿಲುಗಡೆಗೆ ಮುನ್ನ ಲೆಕ್ಕ ವಿಭಾಗದವರೂ ಬಾಯ್ಲರು ವಿಭಾಗದವರೂ ಒಂದೆಡೆ ಕುಳಿತು, ಆಸ್ತಿಪಟ್ಟಿಯನ್ನೂ ತಪಾಸಣೆಯ ಪಟ್ಟಿಯನ್ನೂ ಅಕ್ಕಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡಲಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಕೊಳವೆ ಯಾವುದೋ, ಮೊದಲು ಪರೀಕ್ಷಿಸಬೇಕಾದುದು ಅದನ್ನೇ.